ಜಾವಾ ಕಲಿಯುವವನಿಗೆ ಪೂರ್ಣ ಐಡಿಇ ಬೇಕೇ, ಸಾದಾ ಟೆಕ್ಸ್ಟ್ ಎಡಿಟರ್ ಸಾಕೇ?

ಮುಳಗುಂದ ನಾಕಾ (ಪ್ರಶ್ನೆ ಕೇಳಿದವರು)

ಎಲ್ಲ ಹಿರಿಯರಿಗೂ ನಮಸ್ಕಾರಗಳು. ನಾನು ಗದಗಿನಲ್ಲಿ ಬಿಸಿಎ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಅದರ ಜೊತೆಗೆ ಜಾವಾ ತರಬೇತಿಗೆಂದು ವಾರದ ಕೊನೆಗೆ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ನನ್ನ ಬಳಿ ಇರುವುದು ನಮ್ಮ ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್. ಅದರಲ್ಲಿ 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇವೆ.

ತರಬೇತಿಯಲ್ಲಿ ಮೊದಲ ದಿನವೇ ಎಲ್ಲರಿಗೂ ಇಂಟೆಲಿಜೆ ಐಡಿಯಾ ಎಂಬ ಐಡಿಇ (ಕೋಡ್ ಬರೆಯುವುದು, ಅದನ್ನು ಓಡುವ ರೂಪಕ್ಕೆ ತರುವುದು ಅಂದರೆ ಕಂಪೈಲ್ ಮಾಡುವುದು, ತಪ್ಪು ಹುಡುಕುವುದು ಎಲ್ಲವೂ ಒಂದರಲ್ಲೇ ಇರುವ ಸಾಧನ) ಹಾಕಿಸಿದರು. ಅಲ್ಲಿನ ಕಂಪ್ಯೂಟರುಗಳಲ್ಲಿ ಅದು ಸರಾಗವಾಗಿ ನಡೆಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಪ್ರಾಜೆಕ್ಟ್ ತೆರೆದ ಮೇಲೆ ಕೆಳಗಡೆ ‘ಇಂಡೆಕ್ಸಿಂಗ್’ ಎಂದು ತೋರಿಸಲು ಶುರುವಾದರೆ, ಎದ್ದು ಹೋಗಿ ಚಹಾ ಕುಡಿದು ಬಂದರೂ ಮುಗಿದಿರುವುದಿಲ್ಲ. ರೈಲಿನಲ್ಲಿ ತೆರೆದರಂತೂ ಅಣ್ಣಿಗೇರಿ ದಾಟುವಷ್ಟರಲ್ಲಿ ಬ್ಯಾಟರಿ ಅರ್ಧಕ್ಕೆ ಇಳಿದಿರುತ್ತದೆ. ಇತ್ತ ಕಾಲೇಜಿನ ನಮ್ಮ ಸರ್ ಹೇಳುವುದು ಇದಕ್ಕೆ ತೀರ ವಿರುದ್ಧ: ನೋಟ್‌ಪ್ಯಾಡಿನಲ್ಲಿ ಬರೆದು, ಕಮಾಂಡ್ ಪ್ರಾಂಪ್ಟಿನಲ್ಲಿ ಕೈಯಾರೆ ಕಂಪೈಲ್ ಮಾಡದವನಿಗೆ ಜಾವಾ ಎಂದಿಗೂ ಬರುವುದಿಲ್ಲ, ಐಡಿಇ ಎಂಬುದು ಅನುಭವಿಗಳಿಗೆ ಮಾತ್ರ ಎನ್ನುತ್ತಾರೆ. ತರಬೇತಿಯವರನ್ನು ಕೇಳಿದರೆ, ಕಂಪನಿಯಲ್ಲಿ ಯಾರೂ ನೋಟ್‌ಪ್ಯಾಡಿನಲ್ಲಿ ಕೆಲಸ ಮಾಡುವುದಿಲ್ಲ, ಸುಮ್ಮನೆ ಸಮಯ ಹಾಳು ಎಂದು ನಗುತ್ತಾರೆ.

ಪಾಠದ ಅಭ್ಯಾಸಗಳ ಹೊರತಾಗಿ ಒಂದು ನಿಜವಾದ ಕೆಲಸವೂ ಕೈಯಲ್ಲಿದೆ. ಬ್ಯಾಡಗಿಯಲ್ಲಿ ನಮ್ಮ ಸೋದರಮಾವನವರದು ಮೆಣಸಿನಕಾಯಿಯ ದಲಾಲಿ ಅಂಗಡಿ. ರೈತರ ಹೆಸರು, ಊರು, ಚೀಲಗಳ ಸಂಖ್ಯೆ, ತೂಕ, ಕ್ವಿಂಟಲ್ ದರ ಇವನ್ನು ತುಂಬಿದರೆ ಕನ್ನಡದಲ್ಲಿಯೇ ಲೆಕ್ಕದ ಪಟ್ಟಿ ತೆಗೆಯುವ ಸಣ್ಣ ಪ್ರೋಗ್ರಾಂ ಒಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಕೆಲವು ಪಟ್ಟಿಗಳ ಮೊತ್ತ ಸರಿಯಾಗಿ ಬರುತ್ತದೆ, ಕೆಲವು ಕಡಿಮೆ ಬರುತ್ತವೆ. ತೂಕ 500 ಕಿಲೋ ಇದ್ದಾಗ ಸರಿ, 463 ಇದ್ದಾಗ ತಪ್ಪು. ತೂಕವನ್ನು ನೂರರಿಂದ ಭಾಗಿಸಿ ಕ್ವಿಂಟಲ್ ಮಾಡಿಕೊಂಡು, ದರದಿಂದ ಗುಣಿಸುತ್ತೇನೆ, ಅಷ್ಟೇ. ಕಂಪೈಲರ್ ಯಾವ ದೋಷವನ್ನೂ ತೋರಿಸುತ್ತಿಲ್ಲ.

ನನ್ನಂಥವನು ಯಾವುದನ್ನು ಹಿಡಿಯಬೇಕು ಎಂಬುದನ್ನು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ. ‘ನಿಮಗೆ ಯಾವುದು ಇಷ್ಟವೋ ಅದು’ ಎಂಬ ಉತ್ತರ ನನಗೆ ಈಗಾಗಲೇ ಹಲವರಿಂದ ಸಿಕ್ಕಿದೆ.

ರಾಣೇಬೆನ್ನೂರು ಮೇಡಂ

ತಮ್ಮಾ, ಮೊದಲು ನಿನ್ನ ಪಟ್ಟಿಯ ಲೆಕ್ಕ ಬಗೆಹರಿಸೋಣ, ಏಕೆಂದರೆ ನನ್ನ ಉತ್ತರವೂ ಅದರಲ್ಲಿಯೇ ಇದೆ. ತೂಕವನ್ನು ನೀನು ಇಂಟ್ (ಪೂರ್ಣಾಂಕ) ಆಗಿ ಇಟ್ಟುಕೊಂಡಿರಬೇಕು. 100 ಎಂಬುದೂ ಇಂಟ್. ಜಾವಾದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಬರುವುದು ಪೂರ್ಣಾಂಕವೇ. 463ನ್ನು 100ರಿಂದ ಭಾಗಿಸಿದಾಗ 4.63 ಬರುವ ಬದಲು 4 ಬಂದಿದೆ, ನೀನು ಅದನ್ನು ಡಬಲ್ (ದಶಾಂಶ) ವೇರಿಯಬಲ್‌ಗೆ ಕೊಟ್ಟಿರುವುದರಿಂದ ಅದು 4.0 ಆಗಿ ಕೂತಿದೆ, ಆ ರೈತನ 63 ಕಿಲೋ ಮೆಣಸಿನಕಾಯಿಯ ಹಣ ಲೆಕ್ಕಕ್ಕೇ ಬಂದಿಲ್ಲ. 100ರ ಬದಲು 100.0 ಎಂದು ಬರೆದರೆ ಸರಿಹೋಗುತ್ತದೆ. ಅಂಗಡಿಯಲ್ಲಿ ನಿಜವಾಗಿಯೂ ಬಳಸುವುದಾದರೆ ಹಣದ ಲೆಕ್ಕಕ್ಕೆ ಡಬಲ್ ಬಿಟ್ಟು, ದಶಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಬಳಸು. ಪೈಸೆಯ ವ್ಯತ್ಯಾಸಕ್ಕೂ ಅಲ್ಲಿ ಮಾತು ಬೆಳೆಯುತ್ತದೆ.

ಈಗ ನೋಡು, ಈ ಸಾಲಿಗೆ ಜಾವಾದ ಕಂಪೈಲರ್ ಚಕಾರ ಎತ್ತುವುದಿಲ್ಲ, ಏಕೆಂದರೆ ಭಾಷೆಯ ನಿಯಮದ ಪ್ರಕಾರ ಅದು ತಪ್ಪೇ ಅಲ್ಲ. ನೋಟ್‌ಪ್ಯಾಡಿಗಂತೂ ಅದು ಅಕ್ಷರಗಳ ಒಂದು ಸಾಲು, ಅಷ್ಟೇ. ಇಂಟೆಲಿಜೆ ಐಡಿಯಾ ಮಾತ್ರ ಅದೇ ಸಾಲಿಗೆ ಬಣ್ಣ ಹಚ್ಚಿ, ದಶಾಂಶ ಬೇಕಾದ ಕಡೆ ಪೂರ್ಣಾಂಕದ ಭಾಗಾಕಾರ ನಡೆದಿದೆ ಎಂದು ಎಚ್ಚರಿಸುತ್ತದೆ. ಆ ಎಚ್ಚರಿಕೆ ಕಣ್ಣಿಗೆ ಬೀಳಲಿಲ್ಲ ಎಂದಿಟ್ಟುಕೊಂಡರೂ, ಆ ಸಾಲಿನ ಎಡಕ್ಕೆ ಕ್ಲಿಕ್ ಮಾಡಿ ಕೆಂಪು ಚುಕ್ಕೆ ಇಟ್ಟು ಡಿಬಗ್ (ತಪ್ಪು ಹುಡುಕುವ) ಕ್ರಮದಲ್ಲಿ ಓಡಿಸಿದರೆ ಪ್ರೋಗ್ರಾಂ ಅಲ್ಲಿಗೆ ಬಂದು ನಿಲ್ಲುತ್ತದೆ. ಎಫ್8 ಒತ್ತಿ ಒಂದು ಸಾಲು ಮುಂದೆ ಸರಿದರೆ ತೂಕ 463, ಕ್ವಿಂಟಲ್ 4.0 ಎಂದು ಆ ಸಾಲುಗಳ ಪಕ್ಕದಲ್ಲಿಯೇ ಕಾಣಿಸುತ್ತದೆ. ಆ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿದವನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ನೂರಾರು ಪಟ್ಟಿಗಳಿದ್ದರೆ ಆ ಕೆಂಪು ಚುಕ್ಕೆಗೇ ಒಂದು ಷರತ್ತು ಹಾಕಬಹುದು: ತೂಕ ನೂರರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಮಾತ್ರ ನಿಲ್ಲು ಎಂದು.

ಕಲಿಯುವವರಿಗೆ ಐಡಿಇ ಬೇಡ ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಬಹಳ ವರ್ಷ ಎಲ್ಲರೂ ಸಿ ಕಲಿತದ್ದು ಟರ್ಬೊ ಸಿಯ ನೀಲಿ ಪರದೆಯ ಮೇಲೆ. ಬೋರ್ಲಂಡ್ ಕಂಪನಿ 1983ರಲ್ಲಿ ಟರ್ಬೊ ಪಾಸ್ಕಲ್ ಅನ್ನೂ 1987ರಲ್ಲಿ ಟರ್ಬೊ ಸಿಯನ್ನೂ ಹೊರತಂದಿತು. ಬರೆಯುವುದು, ಕಂಪೈಲ್ ಮಾಡುವುದು, ಓಡಿಸುವುದು ಎಲ್ಲವೂ ಒಂದೇ ಪರದೆಯಲ್ಲಿ ಆಗುತ್ತಿದ್ದುದೇ ಅವುಗಳ ಹೆಗ್ಗಳಿಕೆಯಾಗಿತ್ತು. ಅಂದರೆ ಅದು ಆ ಕಾಲದ ಐಡಿಇ. ಅದರಲ್ಲಿ ಕಲಿತವರೇ ಇಂದು ನೋಟ್‌ಪ್ಯಾಡಿನ ಉಪದೇಶ ಮಾಡುವುದು ನನಗೆ ವಿಚಿತ್ರವೆನಿಸುತ್ತದೆ. ಪ್ರಯೋಗಾಲಯದಲ್ಲಿ ಮೊದಲ ಸೆಮಿಸ್ಟರಿನ ಮಕ್ಕಳು ಅರ್ಧವಿರಾಮ ಚಿಹ್ನೆ ಬಿಟ್ಟುಹೋದದ್ದನ್ನು ಹುಡುಕುವುದರಲ್ಲಿಯೇ ಇಡೀ ಪಿರಿಯಡ್ ಕಳೆದು, ತಮಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅಂಥವರಿಗೆ ದೊಡ್ಡ ಐಡಿಇ ಭಾರವೆನಿಸಿದರೆ, ಕಲಿಯುವವರಿಗೆಂದೇ ಮಾಡಿದ ಚಿಕ್ಕವು ಇವೆ: ಜಾವಾಕ್ಕೆ ಬ್ಲೂಜೆ, ಪೈಥಾನಿಗೆ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥಾನಿ.

ಬ್ಯಾಟರಿಯ ವಿಷಯ: ಇಂಟೆಲಿಜೆಯ ಫೈಲ್ ಮೆನುವಿನಲ್ಲಿ ‘ಪವರ್ ಸೇವ್ ಮೋಡ್’ ಇದೆ. ಅದನ್ನು ಹಾಕಿದರೆ ಹಿನ್ನೆಲೆಯಲ್ಲಿ ನಡೆಯುವ ತಪಾಸಣೆಗಳು ನಿಲ್ಲುತ್ತವೆ. ಆದರೆ ಮೇಲೆ ಹೇಳಿದ ಭಾಗಾಕಾರದ ಎಚ್ಚರಿಕೆಯೂ ಆಗ ಬರುವುದಿಲ್ಲ.

ಗೋಕುಲ ರಸ್ತೆ

ಮೇಡಂ ಅವರು ಡಿಬಗರ್ ಕುರಿತು ಹೇಳಿದ ಪ್ರತಿಯೊಂದು ಮಾತನ್ನೂ ಒಪ್ಪುತ್ತೇನೆ. ಆದರೆ ಟರ್ಬೊ ಸಿಯ ಉದಾಹರಣೆ ನನ್ನ ವಾದಕ್ಕೇ ಹೆಚ್ಚು ಅನುಕೂಲವಾಗಿದೆ. ಆ ನೀಲಿ ಪರದೆಯಲ್ಲಿ ಕಲಿತ ಎಷ್ಟೋ ಜನರಿಗೆ ಕೊನಿಯೋ ಹೆಡರ್ ಫೈಲ್ ಮತ್ತು ಪರದೆ ಒರೆಸುವ ಕ್ಲಿಯರ್‌ಸ್ಕ್ರೀನ್ ಫಂಕ್ಷನ್ ಇವು ಸಿ ಭಾಷೆಯ ಭಾಗವಲ್ಲ, ಬೋರ್ಲಂಡ್ ಕಂಪೈಲರಿನವು ಎಂಬುದು ಗೊತ್ತಾದದ್ದು ಲಿನಕ್ಸ್ ಮೇಲೆ ಜಿಸಿಸಿ ಎಂಬ ಬೇರೆ ಕಂಪೈಲರಿನಲ್ಲಿ ಕಂಪೈಲ್ ಮಾಡಲು ಹೋಗಿ ಸೋತಾಗಲೇ. ಸಾಧನ ಯಾವುದು, ಭಾಷೆ ಯಾವುದು ಎಂಬ ಗೆರೆ ಅವರಿಗೆ ಯಾರೂ ತೋರಿಸಿರಲಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಹೊಸದಾಗಿ ಸೇರುವವರ ಕೋಡ್ ನೋಡುವುದು ನನ್ನ ಕೆಲಸದ ಒಂದು ಭಾಗ. ಅವರಲ್ಲಿ ಮೇಲಿಂದ ಮೇಲೆ ಕಾಣುವ ತೊಂದರೆ ಒಂದೇ. ಹುಡುಗನೊಬ್ಬ ಯಾವುದೋ ಜಾರ್ ಫೈಲ್ (ಜಾವಾ ಕೋಡನ್ನು ಕಟ್ಟಿಟ್ಟ ಗಂಟು) ಇಳಿಸಿಕೊಂಡು, ಐಡಿಇಯ ಮೆನುವಿನಲ್ಲಿ ನಾಲ್ಕು ಕಡೆ ಕ್ಲಿಕ್ ಮಾಡಿ ಪ್ರಾಜೆಕ್ಟಿಗೆ ಸೇರಿಸುತ್ತಾನೆ. ಅವನ ಕಂಪ್ಯೂಟರಿನಲ್ಲಿ ಎಲ್ಲವೂ ಓಡುತ್ತದೆ. ಕೋಡ್ ಎಲ್ಲರೂ ಹಂಚಿಕೊಳ್ಳುವ ಗಿಟ್‌ಗೆ ಹೋಗುತ್ತದೆ, ಸರ್ವರ್ ಮೇಲೆ ಮೇವನ್ ಎಂಬ ಪ್ರೋಗ್ರಾಂ ಕಟ್ಟುವ ಸಾಧನ ಅದನ್ನು ಕಟ್ಟಲು ನೋಡಿ, ಇಂಥ ಪ್ಯಾಕೇಜೇ ಇಲ್ಲ ಎಂದು ಕೈಚೆಲ್ಲುತ್ತದೆ. ‘ನನ್ನಲ್ಲಿ ನಡೆಯುತ್ತಿದೆಯಲ್ಲ ಸರ್’ ಎಂದು ಅವನು ಗಾಬರಿಯಾಗುತ್ತಾನೆ. ಅವನು ಸೇರಿಸಿದ ಜಾರ್‌ನ ವಿಷಯ ಐಡಿಇ ತನಗಾಗಿ ಇಟ್ಟುಕೊಂಡ ಫೈಲಿನಲ್ಲಿದೆಯೇ ಹೊರತು ಮೇವನ್ ಓದುವ ಪಾಮ್ ಫೈಲಿನಲ್ಲಿಲ್ಲ ಎಂಬುದು ಅವನಿಗೆ ಹೊಳೆಯುವುದಿಲ್ಲ, ಏಕೆಂದರೆ ಕ್ಲಾಸ್‌ಪಾತ್ ಎಂಬ ಒಂದು ವಸ್ತುವನ್ನು (ಜಾವಾ ಕ್ಲಾಸುಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ದಾರಿಗಳ ಪಟ್ಟಿ) ಅವನು ಎಂದೂ ತನ್ನ ಕೈಯಿಂದ ಬರೆದಿಲ್ಲ. ಎಕ್ಲಿಪ್ಸ್‌ನಲ್ಲಿ (ಅದು ಇನ್ನೊಂದು ಐಡಿಇ) ಇನ್ನೂ ಒಂದು ಸುತ್ತು ಹೆಚ್ಚು: ಅದು ಜೆಡಿಕೆಯ (ಜಾವಾದ ಮೂಲ ಸಾಧನಗಳ ಕಟ್ಟು) ಕಂಪೈಲರನ್ನು ಕರೆಯುವುದೇ ಇಲ್ಲ, ತನ್ನದೇ ಕಂಪೈಲರ್ ಇಟ್ಟುಕೊಂಡಿದೆ, ದೋಷವಿರುವ ಕ್ಲಾಸನ್ನೂ ಆ ದೋಷದ ಸಾಲು ತಲುಪುವವರೆಗೆ ಓಡಿಸಬಲ್ಲದು. ಅನುಭವಿಗೆ ಅದು ಸೌಕರ್ಯ, ಹೊಸಬನಿಗೆ ಗೊಂದಲ.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಹೀಗಿದೆ. ನಿಮ್ಮ ಪಟ್ಟಿಯ ಪ್ರೋಗ್ರಾಮನ್ನೇ ತೆಗೆದುಕೊಂಡು, ಎರಡು ಪ್ಯಾಕೇಜುಗಳಾಗಿ ಒಡೆದು, ನೋಟ್‌ಪ್ಯಾಡ್++ನಂಥ ಎಡಿಟರಿನಲ್ಲಿ ತೆರೆದು, ಕಮಾಂಡ್ ಪ್ರಾಂಪ್ಟಿನಿಂದ ಕಂಪೈಲ್ ಮಾಡಿ. ಕ್ಲಾಸ್ ಫೈಲುಗಳು ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿ, ಕ್ಲಾಸ್‌ಪಾತ್ ಕೊಟ್ಟು ಓಡಿಸಿ, ಹೊರಗಿನ ಜಾರ್ ಒಂದನ್ನು ಸೇರಿಸಿ. ವಿಂಡೋಸ್‌ನಲ್ಲಿ ಕ್ಲಾಸ್‌ಪಾತ್‌ನ ದಾರಿಗಳ ನಡುವೆ ಅರ್ಧವಿರಾಮ, ಲಿನಕ್ಸ್‌ನಲ್ಲಿ ಕೋಲನ್ ಬರುತ್ತದೆ ಎಂಬ ಸಣ್ಣ ಕಿರಿಕಿರಿಯೂ ಅನುಭವಕ್ಕೆ ಬರಲಿ. ಆಮೇಲೆ ಅದೇ ಪ್ರೋಗ್ರಾಮಿಗೆ ಮೇವನ್ ಹಾಕಿ. ಅಷ್ಟಾದ ಮೇಲೆ ಇಂಟೆಲಿಜೆಯಲ್ಲಿ ಹಸಿರು ಗುಂಡಿ ಒತ್ತಿದಾಗ ಒಳಗೆ ಏನು ನಡೆಯಿತು ಎಂಬುದು ನಿಮಗೆ ಗೊತ್ತಿರುತ್ತದೆ. ಇದಕ್ಕೆ ಸೆಮಿಸ್ಟರುಗಟ್ಟಲೆ ಬೇಕಿಲ್ಲ.

ಅಲ್ಲಿಂದ ಮುಂದೆಯೂ ಎಡಿಟರಿನಲ್ಲಿಯೇ ಉಳಿಯುವುದು ನನ್ನ ದೃಷ್ಟಿಯಲ್ಲಿ ಹಟ. ಫೈಲುಗಳು ಹತ್ತಾರಾದ ಮೇಲೆ ಒಂದು ಮೆಥಡಿನ ಹೆಸರು ಬದಲಿಸಬೇಕು ಎಂದುಕೊಳ್ಳಿ. ಎಡಿಟರಿನಲ್ಲಿ ‘ರೇಟ್’ ಎಂಬುದನ್ನು ಹುಡುಕಿ ಬದಲಿಸಲು ಹೊರಟರೆ ‘ಸೆಪರೇಟ್’ ಎಂಬುದರ ಬಾಲವೂ ಅದರೊಂದಿಗೆ ಹೋಗುತ್ತದೆ. ಪೂರ್ಣ ಪದವನ್ನಷ್ಟೇ ಹುಡುಕು ಎಂದು ಹೇಳಿದರೂ, ಬೇರೊಂದು ಕ್ಲಾಸಿನಲ್ಲಿ ಅದೇ ಹೆಸರಿನ ಬೇರೆಯೇ ಮೆಥಡ್ ಇದ್ದರೆ ಅದಕ್ಕೂ ಕೈ ಹಾಕುತ್ತದೆ. ಐಡಿಇ ಕೋಡನ್ನು ಕೋಡಾಗಿ ಓದಿಕೊಂಡಿರುವುದರಿಂದ ಯಾವ ರೇಟ್ ಯಾರದು ಎಂಬುದು ಅದಕ್ಕೆ ಗೊತ್ತು. ನೀವು ಚಹಾ ಕುಡಿದು ಬರುವವರೆಗೂ ಮುಗಿಯದ ಆ ಇಂಡೆಕ್ಸಿಂಗ್ ಮಾಡುತ್ತಿರುವುದು ಇದೇ ಓದನ್ನು.

ಸಪ್ತಾಪುರ

ಇಬ್ಬರೂ ನಿಮ್ಮ ಎದುರಿಗಿರುವ ಕಂಪ್ಯೂಟರಿನ ಕುರಿತಷ್ಟೇ ಮಾತನಾಡಿದ್ದಾರೆ. ನಾನು ಧಾರವಾಡದಲ್ಲಿ ಕೂತು ಬೇರೆಲ್ಲೋ ಇರುವ ಸರ್ವರುಗಳನ್ನು ನೋಡಿಕೊಳ್ಳುವವನು. ಅಲ್ಲಿ ಪರದೆಯೂ ಇಲ್ಲ, ಮೌಸೂ ಇಲ್ಲ. ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಕಾನ್ಫಿಗರೇಶನ್ ಫೈಲಿನಲ್ಲಿ ಒಂದು ಸಾಲು ತಿದ್ದಿ ಹೊರಬರಬೇಕು, ಅದೂ ಕೆಲವೊಮ್ಮೆ ನಡುರಾತ್ರಿ. ಆಗ ಸಿಗುವುದು ವಿಐ ಅಥವಾ ನ್ಯಾನೊ ಎಂಬ ಟರ್ಮಿನಲ್ ಎಡಿಟರ್. ಎಷ್ಟೇ ಒಳ್ಳೆಯ ಐಡಿಇ ಪರಿಣತರಾದರೂ ವಿಐ ತೆರೆದು, ಹೊರಬರುವ ದಾರಿ ಕಾಣದೆ ಟರ್ಮಿನಲ್ಲನ್ನೇ ಮುಚ್ಚಿಬಿಡುವವರನ್ನು ನೋಡಿದ್ದೇನೆ. ಎಸ್ಕೇಪ್ ಒತ್ತಿ, ಕೋಲನ್, ನಂತರ ಡಬ್ಲ್ಯೂ ಮತ್ತು ಕ್ಯೂ ಒತ್ತಿ ಎಂಟರ್ ಕೊಟ್ಟರೆ ಉಳಿಸಿ ಹೊರಬರುತ್ತದೆ. ಉಳಿಸುವುದು ಬೇಡವಾದರೆ ಕ್ಯೂ ಮತ್ತು ಆಶ್ಚರ್ಯಸೂಚಕ ಚಿಹ್ನೆ. ಇಷ್ಟನ್ನಾದರೂ ಕಲಿತಿಟ್ಟುಕೊಳ್ಳಿ.

ವಿಐ ಹೀಗೇಕಿದೆ ಎಂದು ಗೊಣಗುವವರಿಗೆ ಅದರ ಹುಟ್ಟು ತಿಳಿದಿದ್ದರೆ ಒಳಿತು. 1976ರ ಸುಮಾರಿಗೆ ಬರ್ಕಲಿಯಲ್ಲಿ ಬಿಲ್ ಜಾಯ್ ಅದನ್ನು ಬರೆದಾಗ ಮನೆಯಿಂದ ಸಂಪರ್ಕಕ್ಕೆ ಇದ್ದದ್ದು 300 ಬಾಡ್ ಮೋಡೆಮ್. ಪರದೆ ತುಂಬಲು ಹಿಡಿಯುವ ಹೊತ್ತು ನೋಡಿದರೆ ಒಂದೊಂದು ಅಕ್ಷರದ ಆಜ್ಞೆಯೇ ಸರಿ ಎನ್ನಿಸುವಂಥ ಕಾಲ ಅದು. ಅವರು ಬಳಸಿದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಅಚ್ಚಾಗಿದ್ದವು. ಇಂದಿಗೂ ಕರ್ಸರ್ ಅದೇ ಕೀಗಳಿಂದ ಓಡಾಡುತ್ತದೆ. ಬ್ರಾಮ್ ಮೂಲೆನಾರ್ ಅವರು 1991ರಲ್ಲಿ ಬಿಡುಗಡೆ ಮಾಡಿದ ವಿಮ್ ಈ ಪರಂಪರೆಯದೇ. ಅದು ನೀವು ತಿದ್ದುತ್ತಿರುವ ಫೈಲಿನ ಪಕ್ಕದಲ್ಲಿ ಒಂದು ಸ್ವಾಪ್ ಫೈಲ್ ಇಟ್ಟುಕೊಳ್ಳುತ್ತದೆ. ಕರೆಂಟು ಹೋಗಲಿ, ಸಂಪರ್ಕ ಕಡಿಯಲಿ, ಮತ್ತೆ ತೆರೆದಾಗ ಬಹುಪಾಲು ಬರಹ ಮರಳಿ ಸಿಗುತ್ತದೆ.

ದೊಡ್ಡ ಜಾವಾ ಪ್ರಾಜೆಕ್ಟನ್ನು ವಿಮ್‌ನಲ್ಲಿ ಬರೆಯಿರಿ ಎಂದು ನಾನು ಹೇಳುವುದಿಲ್ಲ. ಬರೆಯುವವರಿದ್ದಾರೆ, ಅವರು ಅದಕ್ಕೆ ಪ್ಲಗಿನ್ ಹಚ್ಚುತ್ತ ಹೋಗಿ ಕೊನೆಗೆ ಒಂದು ಐಡಿಇಯನ್ನೇ ಕಟ್ಟಿಕೊಂಡಿರುತ್ತಾರೆ.

ಮುಳಗುಂದ ನಾಕಾ

ಎಲ್ಲರಿಗೂ ಧನ್ಯವಾದಗಳು. ಮೇಡಂ, 100.0 ಹಾಕಿದ ಮೇಲೆ ಮೊತ್ತ ಸರಿಯಾಗಿ ಬರುತ್ತಿದೆ. ಬಿಗ್‌ಡೆಸಿಮಲ್ ಕುರಿತು ಓದುತ್ತಿದ್ದೇನೆ.

ಗೋಕುಲ ರಸ್ತೆಯ ಸರ್ ಹೇಳಿದಂತೆ ಕೈಯಿಂದ ಕಂಪೈಲ್ ಮಾಡಲು ಹೋದಾಗ ಬೇರೆ ಸಮಸ್ಯೆ ಎದುರಾಯಿತು. ತರಬೇತಿ ಕೇಂದ್ರದ ಹಳೆಯ ಕಂಪ್ಯೂಟರೊಂದರ ನೋಟ್‌ಪ್ಯಾಡಿನಲ್ಲಿ ಫೈಲನ್ನು ಯುಟಿಎಫ್-8 (ಕನ್ನಡವನ್ನೂ ಉಳಿಸಬಲ್ಲ ಅಕ್ಷರ ಸಂಕೇತ ಕ್ರಮ) ಎಂದು ಉಳಿಸಿದರೆ, ಮೊದಲ ಸಾಲಿನಲ್ಲಿಯೇ ಅಕ್ರಮ ಅಕ್ಷರವಿದೆ ಎಂದು ಕಂಪೈಲರ್ ಹೇಳುತ್ತದೆ. ಅಲ್ಲಿ ನೋಡಿದರೆ ಏನೂ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಜೆಡಿಕೆ 21 ಇದೆ, ಕಂಪೈಲ್ ಆಗುತ್ತದೆ, ಆದರೆ ಕಮಾಂಡ್ ಪ್ರಾಂಪ್ಟಿನಲ್ಲಿ ರೈತರ ಹೆಸರಿನ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಇಂಟೆಲಿಜೆಯಲ್ಲಿ ಕನ್ನಡವೇ ಕಾಣುತ್ತದೆ, ಆದರೆ ಪಟ್ಟಿಯ ಸಾಲುಗಳು ಒಂದರ ಕೆಳಗೊಂದು ಕೂಡುವುದಿಲ್ಲ. ಇದು ಎಡಿಟರಿನ ದೋಷವೋ, ನನ್ನದೋ?

ಇನ್ನೊಂದು ಮಾತು. ಸ್ನೇಹಿತನೊಬ್ಬ ಈ ಜಗಳವೇ ಬೇಡ, ವಿಎಸ್ ಕೋಡ್ ಹಾಕಿಕೋ, ಅದು ಎರಡೂ ಹೌದು, ಹಗುರವೂ ಹೌದು ಎನ್ನುತ್ತಾನೆ. ನಿಜವೇ?

ಬೆಟಗೇರಿ ಅಚ್ಚುಕೂಟ

ಕನ್ನಡದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ; ನಮ್ಮದು ಗದಗ-ಬೆಟಗೇರಿಯಲ್ಲಿ ಮುದ್ರಣದ ಕೆಲಸ, ಅದರ ಬಿಲ್ಲುಗಳಿಗಾಗಿ ನಾನೂ ಜಾವಾದಲ್ಲಿ ಕೈಯಾಡಿಸಿದ್ದೇನೆ. ನಿಮ್ಮವು ಮೂರು ಬೇರೆ ಬೇರೆ ತೊಂದರೆಗಳು.

ಮೊದಲನೆಯದು ನೋಟ್‌ಪ್ಯಾಡಿನದು. ವಿಂಡೋಸ್ 10ರ 1903 ಆವೃತ್ತಿಗಿಂತ ಹಿಂದಿನ ನೋಟ್‌ಪ್ಯಾಡ್, ಯುಟಿಎಫ್-8 ಎಂದು ಉಳಿಸಿದಾಗ ಫೈಲಿನ ಆರಂಭದಲ್ಲಿ ಕಣ್ಣಿಗೆ ಕಾಣದ ಒಂದು ಗುರುತನ್ನು (ಬಿಒಎಂ) ಸೇರಿಸುತ್ತಿತ್ತು. ಜಾವಾ ಕಂಪೈಲರ್ ಅದನ್ನು ಒಪ್ಪುವುದಿಲ್ಲ. ನೋಟ್‌ಪ್ಯಾಡ್++ನ ಎನ್‌ಕೋಡಿಂಗ್ ಮೆನುವಿನಲ್ಲಿ ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ ಉಳಿಸಿದರೆ ಅದು ಹೋಗುತ್ತದೆ. ಜೆಡಿಕೆ 18ರಿಂದ ಈಚೆಗೆ ಯುಟಿಎಫ್-8 ತಾನಾಗಿಯೇ ಜಾರಿಯಲ್ಲಿದೆ; ಅದಕ್ಕಿಂತ ಹಳೆಯದಿದ್ದರೆ ಕಂಪೈಲ್ ಮಾಡುವಾಗ ಎನ್‌ಕೋಡಿಂಗ್ ಇಂಥದ್ದು ಎಂದು ಹೇಳಲೇಬೇಕು. ಐಡಿಇ ಇದನ್ನು ನಿಮ್ಮ ಪರವಾಗಿ ಹೇಳುತ್ತಿತ್ತು, ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ.

ಎರಡನೆಯದಕ್ಕೆ ಎಡಿಟರ್ ಕಾರಣವೇ ಅಲ್ಲ. ಹೊಸ ಜೆಡಿಕೆ ಕೂಡ ಪರದೆಗೆ ಬರೆಯುವಾಗ ಕಮಾಂಡ್ ಪ್ರಾಂಪ್ಟಿನ ಕೋಡ್ ಪೇಜ್ (ಅದು ತೋರಿಸಬಲ್ಲ ಅಕ್ಷರಗಳ ಪಟ್ಟಿ) ಏನಿದೆಯೋ ಅದನ್ನೇ ಅನುಸರಿಸುತ್ತದೆ. ಆ ಕೋಡ್ ಪೇಜಿನಲ್ಲಿ ಕನ್ನಡವಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಯೇ ಗತಿ. ಅದನ್ನು ಬದಲಿಸಿದರೂ ಹಳೆಯ ಕನ್ಸೋಲ್ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುವ ಭರವಸೆ ಇಲ್ಲ.

ಮೂರನೆಯದು ಸ್ವಾರಸ್ಯದ್ದು. ಗದಗ, ಹಾವೇರಿ, ಹುಬ್ಬಳ್ಳಿ ಈ ಮೂರನ್ನೂ ಒಂದರ ಕೆಳಗೊಂದು ಬರೆದು ನೋಡಿ. ನಮ್ಮ ಕಣ್ಣಿಗೆ ಮೂರೂ ಊರುಗಳಿಗೆ ಮೂರು ಮೂರು ಅಕ್ಷರ. ಜಾವಾದಲ್ಲಿ ಉದ್ದ ಎಷ್ಟು ಎಂದು ಕೇಳಿದರೆ ಗದಗಕ್ಕೆ 3, ಹಾವೇರಿಗೆ 6, ಹುಬ್ಬಳ್ಳಿಗೆ 9 ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ಕಾಗುಣಿತದ ಗುರುತು, ವಿರಾಮ (ಹಲಂತ ಚಿಹ್ನೆ), ಒತ್ತಾಗುವ ವ್ಯಂಜನ ಎಲ್ಲವೂ ಬೇರೆ ಬೇರೆ ಸ್ಥಾನ ಪಡೆಯುತ್ತವೆ. ಯುಟಿಎಫ್-8ರಲ್ಲಿ ಉಳಿಸಿದ ಫೈಲಿನಲ್ಲಿ ಪ್ರತಿಯೊಂದೂ 3 ಬೈಟ್ ಆಗಿ ಹುಬ್ಬಳ್ಳಿಗೆ 27 ಬೈಟ್ ಬೇಕಾಗುತ್ತದೆ. ನೀವು ಪ್ರಿಂಟ್‌ಎಫ್‌ನಲ್ಲಿ (ಮುದ್ರಿಸುವ ಆಜ್ಞೆ) ಊರಿನ ಕಾಲಮ್ಮಿಗೆ 20 ಸ್ಥಾನ ಕೊಟ್ಟಿದ್ದರೆ ಗದಗದ ಮುಂದೆ 17 ಖಾಲಿ ಜಾಗ, ಹುಬ್ಬಳ್ಳಿಯ ಮುಂದೆ 11 ಬರುತ್ತವೆ. ಸಾಲು ಕೂಡುವುದು ಹೇಗೆ? ಇಂಟೆಲಿಜೆಯಲ್ಲಿ ಬರೆದರೂ ಇದೇ, ವಿಮ್‌ನಲ್ಲಿ ಬರೆದರೂ ಇದೇ. ವಿಮ್‌ನಲ್ಲಂತೂ ಟರ್ಮಿನಲ್ ಚೌಕಗಳ ಲೆಕ್ಕದಲ್ಲಿ ಅಕ್ಷರ ಕೂಡಿಸುವುದರಿಂದ ಒತ್ತುಗಳು ಒಡೆದು ಕಾಣುವುದೂ ಉಂಟು. ಕನ್ನಡ ಬರಹ ಹೆಚ್ಚಿರುವ ಫೈಲಿಗೆ ನಾನು ಟರ್ಮಿನಲ್ ಎಡಿಟರ್ ಬಳಸುವುದಿಲ್ಲ.

ಖಾಲಿ ಜಾಗ ಎಣಿಸಿ ಪಟ್ಟಿ ಮಾಡುವುದನ್ನೇ ಬಿಟ್ಟುಬಿಡಿ. ಪ್ರೋಗ್ರಾಂ ಒಂದು ಎಚ್‌ಟಿಎಂಎಲ್ ಫೈಲನ್ನು ಬರೆಯಲಿ, ಪಟ್ಟಿಯನ್ನು ಅದರಲ್ಲಿ ಟೇಬಲ್ ಆಗಿ ಹಾಕಿ, ಬ್ರೌಸರಿನಲ್ಲಿ ತೆರೆದು ಪ್ರಿಂಟ್ ಕೊಡಿ. ಅಕ್ಷರ ಜೋಡಿಸುವ ತಲೆನೋವು ಬ್ರೌಸರಿಗೆ ಹೋಗುತ್ತದೆ.

ಗೋಕುಲ ರಸ್ತೆ

ವಿಎಸ್ ಕೋಡ್ ಕುರಿತು: ಅರ್ಧ ನಿಜ. ಮೈಕ್ರೋಸಾಫ್ಟ್ ಅದನ್ನು 2015ರಲ್ಲಿ ಹೊರತಂದಿತು. ಮರುವರ್ಷ ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಕಂಪನಿಗಳ ಜೊತೆ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಎಂಬ ಒಪ್ಪಂದವನ್ನು ಪ್ರಕಟಿಸಿತು. ಅದಕ್ಕೂ ಮುಂಚೆ ಪ್ರತಿಯೊಂದು ಎಡಿಟರೂ ಪ್ರತಿಯೊಂದು ಭಾಷೆಯನ್ನು ತಾನೇ ಅರ್ಥಮಾಡಿಕೊಳ್ಳಬೇಕಿತ್ತು. ಈ ಒಪ್ಪಂದದ ನಂತರ ಭಾಷೆಯ ತಿಳಿವಳಿಕೆ ಬೇರೆಯೇ ಒಂದು ಪ್ರೋಗ್ರಾಮಿನಲ್ಲಿ ಕೂತಿತು, ಎಡಿಟರ್ ಅದನ್ನು ಕೇಳಿ ಉತ್ತರ ತೋರಿಸತೊಡಗಿತು. ಸಪ್ತಾಪುರದವರು ಹೇಳಿದ ವಿಮ್ ಪ್ಲಗಿನ್ನುಗಳಲ್ಲಿ ಹಲವು ಇದೇ ದಾರಿ ಹಿಡಿದಿವೆ. ಹಾಗಾಗಿ ‘ಎಡಿಟರ್’, ‘ಐಡಿಇ’ ಎಂಬ ಎರಡು ಪಾಳಯಗಳು ಈಗ ಮೊದಲಿನಷ್ಟು ಬೇರೆಯಾಗಿ ಉಳಿದಿಲ್ಲ.

ಆದರೆ ನಿಮ್ಮ 4 ಜಿಬಿಯ ಲೆಕ್ಕದಲ್ಲಿ ನೋಡಿ. ವಿಎಸ್ ಕೋಡ್‌ನಲ್ಲಿ ಜಾವಾಕ್ಕೆ ಹೆಚ್ಚಿನವರು ಹಾಕಿಕೊಳ್ಳುವುದು ರೆಡ್ ಹ್ಯಾಟಿನ ಎಕ್ಸ್‌ಟೆನ್ಶನ್. ಅದರ ಹಿಂದೆ ಓಡುವುದು ಎಕ್ಲಿಪ್ಸ್‌ನ ಜಾವಾ ಭಾಗವೇ, ಅದಕ್ಕೊಂದು ಪ್ರತ್ಯೇಕ ಜಾವಾ ಪ್ರಕ್ರಿಯೆ ಬೇಕು. ವಿಎಸ್ ಕೋಡ್ ತಾನೂ ಎಲೆಕ್ಟ್ರಾನ್ ಮೇಲೆ ನಿಂತಿದೆ, ಅಂದರೆ ಒಳಗೆ ಒಂದು ಬ್ರೌಸರ್ ಇದೆ. ಖಾಲಿ ವಿಎಸ್ ಕೋಡ್ ಹಗುರ ಎಂದು ಹಾಕಿಕೊಂಡು, ಜಾವಾ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಸೇರಿಸಿದ ಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಹಗುರ ಎಂಬ ಮಾತು ನಿಮ್ಮ ಸ್ನೇಹಿತ ಹೇಳಿದಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಜಾವಾಸ್ಕ್ರಿಪ್ಟ್, ಪೈಥಾನ್ ಬರೆಯುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಆಂಡ್ರಾಯ್ಡ್ ಕಡೆಗೆ ಹೋಗುವಿರಾದರೆ ಆಯ್ಕೆಯೇ ಇಲ್ಲ ಎನ್ನಬಹುದು. ಆಂಡ್ರಾಯ್ಡ್ ಸ್ಟುಡಿಯೋ ಇಂಟೆಲಿಜೆಯ ಮೇಲೆಯೇ ಕಟ್ಟಿದ್ದು, 4 ಜಿಬಿಯಲ್ಲಿ ಅದನ್ನು ಎಳೆದಾಡುವುದು ಬೇಡ.

ನಿಮ್ಮ ಯಂತ್ರ ತೆವಳಲು ರ‍್ಯಾಮ್‌ನಷ್ಟೇ ಆ ಹಳೆಯ ಹಾರ್ಡ್ ಡಿಸ್ಕೂ ಕಾರಣ. ಇಂಡೆಕ್ಸಿಂಗ್ ಎಂದರೆ ಸಾವಿರಾರು ಸಣ್ಣ ಫೈಲುಗಳನ್ನು ಓದುವುದು, ಅದರಲ್ಲಿ ತಿರುಗುವ ಡಿಸ್ಕ್ ಸೋಲುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗವಿದ್ದರೆ ಇನ್ನೊಂದು 4 ಜಿಬಿ ಸೇರಿಸಿ, ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪಿನ ಮಾತು ಆಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಮತ್ತು ರೈಲಿನಲ್ಲಿ ನೋಟ್‌ಪ್ಯಾಡ್++ ಹಾಗೂ ಕಮಾಂಡ್ ಪ್ರಾಂಪ್ಟ್, ತರಬೇತಿ ಕೇಂದ್ರದಲ್ಲಿ ಇಂಟೆಲಿಜೆ ಮತ್ತು ಮೇಡಂ ಹೇಳಿದ ಡಿಬಗರ್. ಪ್ರಾಜೆಕ್ಟ್ ಮೇವನ್‌ನಲ್ಲಿದ್ದರೆ ಎರಡೂ ಕಡೆ ಅದೇ ಫೋಲ್ಡರ್ ತೆರೆಯುತ್ತದೆ.

ರಾಣೇಬೆನ್ನೂರು ಮೇಡಂ

ಈ ಕೊನೆಯ ಏರ್ಪಾಡಿಗೆ ನನ್ನ ತಕರಾರಿಲ್ಲ. ಆದರೆ ಹೊಸದಾಗಿ ಪ್ರೋಗ್ರಾಮಿಂಗ್ ಶುರು ಮಾಡುವ ಮೊದಲ ವರ್ಷದವರಿಗೆ ಕ್ಲಾಸ್‌ಪಾತ್‌ನಿಂದ ಆರಂಭಿಸುವುದು ತಪ್ಪು ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ. ಈ ಹುಡುಗ ಕೊನೆಯ ವರ್ಷದವನು, ಕೈಯಲ್ಲಿ ನಿಜವಾದ ಪ್ರೋಗ್ರಾಂ ಇದೆ ಎಂಬ ಕಾರಣಕ್ಕೆ ಒಪ್ಪಿದ್ದೇನೆ.

ಮುಳಗುಂದ ನಾಕಾ

ಎಚ್‌ಟಿಎಂಎಲ್ ಉಪಾಯ ಫಲಿಸಿತು, ಪಟ್ಟಿ ಸರಿಯಾಗಿ ಬರುತ್ತಿದೆ. ಕೊನೆಯದಾಗಿ ಒಂದು ಪ್ರಶ್ನೆ: ಮಾವನವರ ಅಂಗಡಿಯ ಕಂಪ್ಯೂಟರಿನಲ್ಲಿ ಇದನ್ನು ನಡೆಸಲು ಅಲ್ಲಿಯೂ ಐಡಿಇ ಹಾಕಬೇಕೇ?

ಗೋಕುಲ ರಸ್ತೆ

ಬೇಡ. ಎಡಿಟರ್ ಕೂಡ ಬೇಡ. ಮೇವನ್‌ನಿಂದ ಜಾರ್ ಮಾಡಿಕೊಂಡು, ಜೆಡಿಕೆಯ ಜೊತೆಗೇ ಬರುವ ಜೆಪ್ಯಾಕೇಜ್ ಎಂಬ ಸಾಧನದಿಂದ ಜಾವಾ ಸಮೇತ ಒಂದು ಫೋಲ್ಡರಾಗಿ ಕಟ್ಟಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯ ಕಂಪ್ಯೂಟರಿನಲ್ಲಿ ಬೇರೆ ಏನನ್ನೂ ಹಾಕಬೇಕಾಗಿಲ್ಲ. ಅದು ಜೆಡಿಕೆ 16ರಿಂದ ಅಧಿಕೃತವಾಗಿ ಇರುವುದರಿಂದ ನಿಮ್ಮ 21ರಲ್ಲಿ ಇದ್ದೇ ಇದೆ. ಒಂದೇ ಎಚ್ಚರಿಕೆ: ವಿಂಡೋಸ್‌ಗೆ ಬೇಕಾದದ್ದನ್ನು ವಿಂಡೋಸ್ ಮೇಲೆಯೇ ಕಟ್ಟಬೇಕು, ಲಿನಕ್ಸ್‌ನಲ್ಲಿ ಕಟ್ಟಿ ಒಯ್ದರೆ ನಡೆಯುವುದಿಲ್ಲ.